ಕೋಲು ಯಾರ ಕೈಯಲ್ಲಿ: ನಗೆಯ ಚಲಿಸುವ ಚಿತ್ರಗಳು ಮತ್ತು ಕಲಬುರಗಿ ಸೀಮೆ

ಕೈಯಿಂದ ಬರೆದ ಸಾವಿರಾರು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ, ಅವು ತಾವಾಗಿಯೇ ನಡೆದಾಡುತ್ತಿರುವಂತೆ ತೋರಿಸುವ ಕಲೆಗೆ ಅನಿಮೇಷನ್ ಎಂದೂ, ಆ ಕಲೆಯಲ್ಲಿ ಏಳೆಂಟು ನಿಮಿಷಕ್ಕೆ ಮುಗಿಯುವ ನಗೆಯ ಕಥೆಗಳಿಗೆ ಕಾರ್ಟೂನು ಎಂದೂ ಹೇಳುವ ರೂಢಿಯಿದೆ. 1930ರಿಂದ 1960ರವರೆಗೆ ಅಮೆರಿಕದ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೆಂದು ತಯಾರಾದ ಇಂಥ ಕಿರುಚಿತ್ರಗಳು ಮುಂದೆ ಟೆಲಿವಿಷನ್ ಏರಿ ಜಗತ್ತನ್ನೆಲ್ಲ ಸುತ್ತಿ, 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತಕ್ಕೆ ಬಂದ ಬಳಿಕ ಕಲಬುರಗಿಯ ಬ್ರಹ್ಮಪುರದಂಥ ಹಳೆಯ ಬಡಾವಣೆಗಳ ಮನೆಗಳಿಗೂ ಕೇಬಲ್ ತಂತಿಯ ಮೂಲಕ ಇಳಿದವು. ಅವುಗಳಲ್ಲಿ ಯಾವ ಜನ ಕಾಣಿಸಿಕೊಂಡರು, ಯಾವ ರೂಪದಲ್ಲಿ ಕಾಣಿಸಿಕೊಂಡರು, ಯಾವ ಜನಕ್ಕೆ ತೆರೆಯ ಮೇಲೆ ಜಾಗವೇ ಸಿಗಲಿಲ್ಲ ಎಂಬ ವಿಚಾರವನ್ನು ವಿದ್ವಾಂಸರು ಪ್ರಾತಿನಿಧ್ಯದ ಪ್ರಶ್ನೆ ಎಂದು ಗುರುತಿಸಿ ಹಲವು ದಶಕಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಕನ್ನಡದಲ್ಲಿ ಈ ಚರ್ಚೆ ನಡೆದದ್ದು ಕಡಿಮೆ; ನಡೆದಾಗಲೂ ಅದು ಪರದೇಶದ ಸಂಗತಿಯೆಂಬಂತೆ ನಡೆದಿದೆ. ಆದರೆ ಬೆಳಕಿನ ಮುಂದೆ ಚಿತ್ರಗಳನ್ನು ಕುಣಿಸಿ ನಗಿಸುವ ಕಲೆ ಕಲ್ಯಾಣ ಕರ್ನಾಟಕಕ್ಕೆ ಸಿನಿಮಾ ಹುಟ್ಟುವ ಬಹಳ ಮೊದಲೇ ಗೊತ್ತಿತ್ತು. ಆದ್ದರಿಂದ ಈ ಪ್ರಶ್ನೆಯನ್ನು ಈ ಸೀಮೆಯ ನೆಲದ ಮೇಲೆಯೇ ನಿಂತು ಕೇಳುವುದಕ್ಕೆ ಸಾಕಷ್ಟು ಆಧಾರಗಳಿವೆ.

ಮೊದಲಿಗೆ ಅಮೆರಿಕದ ಉದಾಹರಣೆಯನ್ನು ತುಸು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ತಪ್ಪು ಹೇಗೆ ಹುಟ್ಟುತ್ತದೆ, ಹೇಗೆ ಉಳಿಯುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮಿನ್‌ಸ್ಟ್ರೆಲ್ ಎಂಬ ರಂಗಪ್ರಕಾರವೊಂದಿತ್ತು; ಬಿಳಿಯ ನಟರು ಮುಖಕ್ಕೆ ಮಸಿ ಬಳಿದು, ತುಟಿಯನ್ನು ದಪ್ಪಗೆ ಬರೆದುಕೊಂಡು, ಕಪ್ಪು ಜನರ ನಡೆನುಡಿಯನ್ನು ಅಣಕಿಸಿ ನಗಿಸುವುದೇ ಅದರ ಬಂಡವಾಳ. ಕಾರ್ಟೂನಿನ ಮೊದಲ ತಲೆಮಾರಿನ ಚಿತ್ರಗಾರರು ಆ ರಂಗದ ಮುಖವನ್ನೇ ನೇರವಾಗಿ ಕಾಗದಕ್ಕೆ ಇಳಿಸಿದರು. ವಾರ್ನರ್ ಸಂಸ್ಥೆಯ ಲೂನಿ ಟ್ಯೂನ್ಸ್ ಮಾಲೆ 1930ರಲ್ಲಿ ಬಾಸ್ಕೊ ಎಂಬ ಪಾತ್ರದೊಂದಿಗೆ ಆರಂಭವಾಯಿತು. ಅದರ ಕಪ್ಪು ಮುಖ, ಬಿಳಿ ಬಾಯಿ, ಮಾತಿನ ಧಾಟಿ ಎಲ್ಲವೂ ಮಿನ್‌ಸ್ಟ್ರೆಲ್ ರಂಗದಿಂದ ಬಂದವು. ಹೀಗೆ ಒಂದು ಸಮುದಾಯದ ಎಲ್ಲ ವ್ಯಕ್ತಿಗಳನ್ನೂ ಒಂದೇ ಮುಖ, ಒಂದೇ ಗುಣ, ಒಂದೇ ಮಾತಿನ ವರಸೆಗೆ ಇಳಿಸಿ, ಅದನ್ನೇ ಮತ್ತೆ ಮತ್ತೆ ಒತ್ತುವುದನ್ನು ಪಡಿಯಚ್ಚು ಎನ್ನುತ್ತಾರೆ.

ಪಡಿಯಚ್ಚು ಯಾವಾಗಲೂ ಕ್ರೂರವಾಗಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಟಾಮ್ ಆ್ಯಂಡ್ ಜೆರಿ ಮಾಲೆಯ ಮನೆಗೆಲಸದ ಹೆಂಗಸು ಸಾಕ್ಷಿ. 1940ರ ಮೊದಲ ಚಿತ್ರದಿಂದ 1952ರವರೆಗೆ ಆ ಮಾಲೆಯಲ್ಲಿ ಆಕೆ ಮೇಲಿಂದ ಮೇಲೆ ಬರುತ್ತಾಳೆ. ಪ್ರೇಕ್ಷಕರಿಗೆ ಕಾಣುವುದು ಮಾತ್ರ ಆಕೆಯ ದಪ್ಪ ಕಾಲುಗಳು, ಜಾರಿದ ಕಾಲುಚೀಲ, ಚಪ್ಪಲಿ, ಏಪ್ರನ್ನು ಮತ್ತು ಬೆಕ್ಕಿನ ಬೆನ್ನಿಗೆ ಬೀಳುವ ಕಸಬರಿಗೆ. ಹನ್ನೆರಡು ವರ್ಷಗಳ ಕಾಲ ಒಂದು ಮನೆಯನ್ನು ಗುಡಿಸಿ ಸಾರಿಸಿದ ಹೆಂಗಸಿನ ಮುಖ ತೆರೆಯ ಮೇಲೆ ಬರುವುದೇ ಇಲ್ಲ ಎನ್ನುವಷ್ಟು ಅಪರೂಪ. ಆ ಪಾತ್ರಕ್ಕೆ ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಎಂಬ ಸಮರ್ಥ ಕಪ್ಪು ನಟಿ. ಆದರೆ ಮಾತನ್ನು ಬರೆದವರೂ ಚಿತ್ರವನ್ನು ಬಿಡಿಸಿದವರೂ ಆಕೆಯ ಸಮುದಾಯದವರಾಗಿರಲಿಲ್ಲ. ಆಕೆಗೆ ದನಿಯಿತ್ತು, ಲೇಖನಿ ಇರಲಿಲ್ಲ. ಪ್ರಾತಿನಿಧ್ಯದ ಇಡೀ ಪ್ರಶ್ನೆಯ ಗಂಟು ಇಲ್ಲಿದೆ.

ಕಪ್ಪು ಜನರ ಸಂಘಟನೆಗಳು ಪ್ರತಿಭಟಿಸಿದ ಮೇಲೆ, ಕಾಲವೂ ಬದಲಾದ ಮೇಲೆ, ಈ ಚಿತ್ರಗಳ ಒಡೆಯರು ಮೂರು ಬಗೆಯ ದಾರಿ ಹಿಡಿದರು. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ತನ್ನ ಹಕ್ಕಿನಲ್ಲಿದ್ದ ಹಳೆಯ ವಾರ್ನರ್ ಕಾರ್ಟೂನುಗಳಲ್ಲಿ 11ನ್ನು ಪ್ರಸಾರದಿಂದ ಪೂರ್ತಿ ತೆಗೆದಿಟ್ಟಿತು. ಟಾಮ್ ಆ್ಯಂಡ್ ಜೆರಿಯ ಕೆಲವು ಚಿತ್ರಗಳಲ್ಲಿ ಮನೆಗೆಲಸದ ಹೆಂಗಸನ್ನು ಅಳಿಸಿ, ಆ ಜಾಗದಲ್ಲಿ ಬಿಳಿಯ ಹುಡುಗಿಯೊಬ್ಬಳನ್ನು ಬರೆದು ಸೇರಿಸಲಾಯಿತು. ಕೆಲವೆಡೆ ದನಿಯನ್ನಷ್ಟೇ ಬದಲಿಸಲಾಯಿತು. ಇತ್ತೀಚಿನ ವರ್ಷಗಳಲ್ಲಿ ಚಿತ್ರವನ್ನು ಇದ್ದಂತೆಯೇ ತೋರಿಸಿ, ಇದರಲ್ಲಿನ ಪೂರ್ವಗ್ರಹ ಅಂದೂ ತಪ್ಪಾಗಿತ್ತು, ಇಂದೂ ತಪ್ಪೇ ಎಂಬರ್ಥದ ಸೂಚನೆಯನ್ನು ಮೊದಲಿಗೆ ಹಾಕುವ ಪದ್ಧತಿ ಬಂದಿದೆ. ಇವುಗಳಲ್ಲಿ ಅತ್ಯಂತ ಕೆಟ್ಟದ್ದು ಎರಡನೆಯ ದಾರಿಯೇ. ಅವಮಾನದ ಚಿತ್ರವನ್ನು ಅಳಿಸುವ ನೆಪದಲ್ಲಿ ಅದು ಆ ಕಿರುಚಿತ್ರಗಳಲ್ಲಿ ಕಪ್ಪು ಹೆಂಗಸಿಗೆ ಸಿಕ್ಕಿದ್ದ ಏಕೈಕ ಜಾಗವನ್ನೂ ಅಳಿಸಿತು. ಸೂಚನೆ ಹಾಕಿ ತೋರಿಸುವ ಕ್ರಮ ಇತಿಹಾಸವನ್ನೂ ಉಳಿಸುತ್ತದೆ, ಪ್ರೇಕ್ಷಕರ ವಿವೇಕವನ್ನೂ ಗೌರವಿಸುತ್ತದೆ.

ಇದೇ ಪ್ರಶ್ನೆಗೆ ಇನ್ನೊಂದು ಮುಖವನ್ನು ತೋರಿಸಿದ್ದು ಸ್ಪೀಡಿ ಗೊನ್ಸಾಲೆಸ್ ಎಂಬ ಮೆಕ್ಸಿಕೊದ ಇಲಿ. ಚುರುಕಾಗಿ ಓಡಿ ಬೆಕ್ಕನ್ನು ಏಮಾರಿಸುವ ಈ ಇಲಿಯ ಗೆಳೆಯರು ಸೋಮಾರಿಗಳಾಗಿ, ಕುಡುಕರಾಗಿ ಚಿತ್ರಿತರಾಗಿದ್ದರೆಂಬ ಕಾರಣಕ್ಕೆ 1999ರಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಆ ಚಿತ್ರಗಳನ್ನು ನಿಲ್ಲಿಸಿತು. ಆಗ ಅವು ಮರಳಿ ಬೇಕೆಂದು ಕೇಳಿದವರಲ್ಲಿ ಲ್ಯಾಟಿನ್ ಅಮೆರಿಕ ಮೂಲದ ನಾಗರಿಕರ ಸಂಘಟನೆಯೇ ಇತ್ತು. 2002ರಲ್ಲಿ ಇಲಿ ತೆರೆಗೆ ಮರಳಿತು. ದೊಡ್ಡವರ ಮೀಸೆಯ ಕೆಳಗಿನಿಂದ ಗಿಣ್ಣು ಕದ್ದು ತನ್ನವರಿಗೆ ಹಂಚುವ ಪುಟ್ಟ ಪ್ರಾಣಿಯಲ್ಲಿ ಆ ಜನ ತಮ್ಮ ಗೆಲುವನ್ನು ಕಂಡಿದ್ದರು. ಒಂದು ಚಿತ್ರ ಯಾರಿಗೆ ನೋವು, ಯಾರಿಗೆ ಹೆಮ್ಮೆ ಎಂಬುದನ್ನು ಆ ಜನರನ್ನು ಕೇಳದೆ ಹೊರಗಿನವರು ತೀರ್ಮಾನಿಸುವುದು ಕೂಡ ಅವರ ಬಾಯಿಂದ ಮಾತು ಕಸಿಯುವ ಕೆಲಸವೇ.

ಭಾರತದಲ್ಲಿ ಇದಕ್ಕೆ ಹೋಲುವ ಲೆಕ್ಕಾಚಾರ ವ್ಯವಸ್ಥಿತವಾಗಿ ನಡೆದಿಲ್ಲ. ಫಿಲ್ಮ್ಸ್ ಡಿವಿಜನ್ ಸಂಸ್ಥೆಯ ಕಾರ್ಟೂನು ಘಟಕ 1956ರಲ್ಲಿ ಆರಂಭವಾಯಿತು, ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳನ್ನು ರಾಮ್ ಮೋಹನ್ 1972ರಲ್ಲಿ ಚಲಿಸುವ ಚಿತ್ರವಾಗಿಸಿದರು. 1974ರ ‘ಏಕ್ ಅನೇಕ್ ಔರ್ ಏಕತಾ’ ದೂರದರ್ಶನದ ಮೂಲಕ ಒಂದು ತಲೆಮಾರಿನ ಮಕ್ಕಳಿಗೆ ವೈವಿಧ್ಯದ ಪಾಠ ಹೇಳಿತು. ಆ ಪಾಠದ ಭಾಷೆ ಮಾತ್ರ ಹಿಂದಿಯಾಗಿತ್ತು. ಹೈದರಾಬಾದಿನಲ್ಲಿ ತಯಾರಾಗಿ 2008ರಿಂದ ಮನೆಮಾತಾದ ‘ಛೋಟಾ ಭೀಮ್’ ಮಾಲೆಯಲ್ಲಿ ನಾಯಕನ ಎದುರಾಳಿಯಾದ ಪುಂಡ ಹುಡುಗನಿಗೆ ಕಪ್ಪು ಬಣ್ಣವನ್ನು ಸೂಚಿಸುವ ಕಾಲಿಯಾ ಎಂಬ ಹೆಸರಿಟ್ಟದ್ದನ್ನು ಗಮನಿಸಿದರೆ, ಬಣ್ಣದ ಪೂರ್ವಗ್ರಹ ಅಮೆರಿಕದ ಸ್ವತ್ತಲ್ಲ ಎಂಬುದು ತಿಳಿಯುತ್ತದೆ. 1968ರ ‘ಪಡೋಸನ್’ ಹಿಂದಿ ಚಿತ್ರದಲ್ಲಿ ಮೆಹಮೂದ್ ಆಡಿದ ಸಂಗೀತ ಮೇಷ್ಟರ ಪಾತ್ರ ದಕ್ಷಿಣದವರನ್ನೆಲ್ಲ ಒಂದೇ ಜುಟ್ಟು, ಒಂದೇ ಉಚ್ಚಾರಕ್ಕೆ ಇಳಿಸಿತ್ತು. ಅದನ್ನು ನೋಡಿ ಬೇಸರಪಟ್ಟ ಕನ್ನಡಿಗರು ತಮ್ಮದೇ ತೆರೆಯ ಮೇಲೆ ಕಲಬುರಗಿಯವರು, ಬೀದರದವರು, ರಾಯಚೂರಿನವರು ಹೇಗೆ ಕಾಣಿಸಿಕೊಂಡರೆಂದು ಅಷ್ಟೇ ಸೂಕ್ಷ್ಮವಾಗಿ ನೋಡಲಿಲ್ಲ.

ಈ ಸೀಮೆಯ ಸ್ವಂತ ಪರಂಪರೆಯತ್ತ ತಿರುಗಿದರೆ ಎದುರಾಗುವುದು ತೊಗಲುಗೊಂಬೆಯಾಟ. ಹದಮಾಡಿ ತೆಳುವಾಗಿಸಿದ ಮೇಕೆಯ, ಹಿಂದಿನ ಕಾಲದಲ್ಲಿ ಜಿಂಕೆಯ, ಚರ್ಮವನ್ನು ಆಕಾರಕ್ಕೆ ಕತ್ತರಿಸಿ, ಸಣ್ಣ ರಂಧ್ರಗಳಿಂದ ಒಡವೆ, ವಸ್ತ್ರಗಳ ಕುಸುರಿ ಬಿಡಿಸಿ, ಬಣ್ಣ ಹಾಕಿ, ಬಿದಿರಿನ ಕೋಲಿಗೆ ಸಿಕ್ಕಿಸಿ, ಬಿಳಿಯ ಪರದೆಯ ಹಿಂದೆ ದೀಪದ ಮುಂದೆ ಆಡಿಸಿದಾಗ ಚರ್ಮದೊಳಗಿಂದ ಬೆಳಕು ತೂರಿ ಬಣ್ಣದ ಚಿತ್ರವೇ ಪರದೆಯ ಮೇಲೆ ಓಡಾಡುತ್ತದೆ. ಜರ್ಮನಿಯ ಲೊಟೆ ರೈನಿಗರ್ 1926ರಲ್ಲಿ ಪೂರ್ಣಾವಧಿಯ ಅನಿಮೇಷನ್ ಚಿತ್ರವೊಂದನ್ನು ಮುಗಿಸಿದ್ದು ಕತ್ತರಿಸಿದ ಕಾಗದದ ಕೀಲುಗೊಂಬೆಗಳನ್ನು ಬೆಳಕಿನ ಮೇಲಿಟ್ಟು, ಅವುಗಳ ನೆರಳನ್ನು ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸಿ ಎಂಬುದನ್ನು ನೆನೆದರೆ, ತೊಗಲುಗೊಂಬೆಯನ್ನು ಚಲಿಸುವ ಚಿತ್ರಗಳ ವಂಶದಲ್ಲಿ ಸೇರಿಸುವುದು ಅತಿಶಯವೆನಿಸದು.

ಈ ಆಟದಲ್ಲಿ ಪ್ರಾತಿನಿಧ್ಯವನ್ನು ಅಕ್ಷರಶಃ ಅಳೆಯಬಹುದು. ಪಾತ್ರದ ಸಾಮಾಜಿಕ ಸ್ಥಾನ ಹೆಚ್ಚಿದಂತೆ ಗೊಂಬೆಯ ಗಾತ್ರವೂ ಹೆಚ್ಚುವುದು ಕರ್ನಾಟಕದ ತೊಗಲುಗೊಂಬೆಯ ಒಂದು ಲಕ್ಷಣ. ದೇವತೆಗಳು, ಅರಸರು ದೊಡ್ಡ ಗೊಂಬೆಗಳು, ಆಳುಕಾಳುಗಳು, ಸಾಮಾನ್ಯ ಜನ ಸಣ್ಣ ಗೊಂಬೆಗಳು. ಆದರೆ ದೊಡ್ಡ ಗೊಂಬೆಗಳಲ್ಲಿ ಬಹಳಷ್ಟು ಒಂದೇ ಚರ್ಮದ ಹಾಳೆಯಲ್ಲಿ ಕೂತ ಅಥವಾ ನಿಂತ ಭಂಗಿಯಲ್ಲಿ ಕತ್ತರಿಸಿದಂಥವು, ಹೆಚ್ಚು ಅಲುಗಾಡುವುದಿಲ್ಲ. ಕೈಕಾಲಿಗೆ ಕೀಲು ಕೊಟ್ಟು ಮನಬಂದಂತೆ ಕುಣಿಯುವ ಸ್ವಾತಂತ್ರ್ಯ ಸಿಕ್ಕಿರುವುದು ಮುಖ್ಯವಾಗಿ ನಗೆಯ ಪಾತ್ರಗಳಿಗೆ. ಆ ಪಾತ್ರಗಳಲ್ಲಿ ಹೆಸರಾದವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ರಾಮಾಯಣ, ಮಹಾಭಾರತಗಳ ಪ್ರಸಂಗ ನಡೆಯುತ್ತಿರುವಾಗ ನಡುನಡುವೆ ಇವರಿಬ್ಬರೂ ನುಗ್ಗಿ ಬಂದು, ಜಗಳವಾಡಿ, ಊರಿನ ಸುದ್ದಿ ಹೇಳಿ, ಗೌಡ ಕುಲಕರ್ಣಿಗಳನ್ನು ಕಿಚಾಯಿಸಿ, ಕಥೆಯನ್ನು ಮತ್ತೆ ದೇವರ ಕೈಗೆ ಒಪ್ಪಿಸಿ ಹೋಗುತ್ತಾರೆ. ಐದೋ ಹತ್ತೋ ನಿಮಿಷದ ಈ ತುಣುಕುಗಳು ಕಲ್ಯಾಣ ಕರ್ನಾಟಕದ ಅಭಿಜಾತ ಹಾಸ್ಯ ಕಿರುಚಿತ್ರಗಳೆಂದರೆ ತಪ್ಪಾಗದು.

ಕಿಳ್ಳೇಕ್ಯಾತನ ಗೊಂಬೆ ಕಪ್ಪಗಿರುತ್ತದೆ, ಹೊಟ್ಟೆ ಮುಂದೆ ಬಂದಿರುತ್ತದೆ, ಮುಖ ವಿಕಾರವಾಗಿರುತ್ತದೆ. ಮೇಲ್ನೋಟಕ್ಕೆ ಬಾಸ್ಕೊಗೂ ಇವನಿಗೂ ವ್ಯತ್ಯಾಸವಿಲ್ಲ ಎನಿಸಬಹುದು. ವ್ಯತ್ಯಾಸ ಇರುವುದು ಪರದೆಯ ಹಿಂದೆ. ಈ ವಿದೂಷಕನ ಹೆಸರು ಗೊಂಬೆಯಾಡಿಸುವ ಸಮುದಾಯದ್ದೇ ಹೆಸರು. ಕಿಳ್ಳೇಕ್ಯಾತ ಅಥವಾ ಶಿಳ್ಳೆಕ್ಯಾತ ಎಂದು ಕರೆಯಲಾಗುವ, ಊರೂರು ಅಲೆಯುತ್ತ, ಹಳ್ಳ ಹೊಳೆಗಳಲ್ಲಿ ಮೀನು ಹಿಡಿಯುತ್ತ ಬದುಕಿದ, ಇಂದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಈ ಜನ ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತನ್ನಾಡಿ, ಪರದೆಯ ಹಿಂದೆ ಕೂತಾಗ ಕನ್ನಡದಲ್ಲಿ ಪದ ಹಾಡುತ್ತಾರೆ. ಊರಿನ ಅಂಚಿನಲ್ಲಿ ಬಿಡಾರ ಹೂಡಿದ ಆ ಕುಟುಂಬಗಳು ತಮ್ಮ ಹೆಸರಿನ ವಿಕಾರದ ಗೊಂಬೆಯನ್ನು ತಾವೇ ಕುಣಿಸಿ, ಅದರ ಬಾಯಿಂದ ಊರಿನ ದೊಡ್ಡವರನ್ನು ಊರ ನಡುವೆಯೇ ಪ್ರಶ್ನಿಸುವ ಅವಕಾಶವನ್ನು ಗಳಿಸಿಕೊಂಡವು. ಹಗಲು ಹೊತ್ತಿನಲ್ಲಿ ಗೌಡರ ಕಟ್ಟೆಯ ಮುಂದೆ ನಿಂತು ಆಡಲಾಗದ ಮಾತನ್ನು ರಾತ್ರಿ ಗೊಂಬೆ ಆಡುತ್ತಿತ್ತು. ಗೊಂಬೆಯ ಬಣ್ಣಕ್ಕಿಂತ ಕೋಲು ಹಿಡಿದ ಕೈ ಮುಖ್ಯ ಎಂಬುದನ್ನು ಈ ಪರಂಪರೆ ತೋರಿಸಿಕೊಟ್ಟಿದೆ.

ಹಾಗೆಂದು ಇದನ್ನು ನಿರ್ದೋಷವೆಂದು ಹೊಗಳುವುದೂ ಸಲ್ಲದು. ಬಂಗಾರಕ್ಕನ ಪಾತ್ರವನ್ನು ಹಾದರ, ಜಗಳ, ಮೈಮಾತಿನ ಹಾಸ್ಯಕ್ಕೆ ಬಳಸಿಕೊಂಡಷ್ಟು ಬೇರೆ ಯಾವುದಕ್ಕೂ ಬಳಸಿಲ್ಲ. ಅವಳಿಗೆ ಗಂಡನಿಗೆ ಸರಿಜೋಡಿಯಾದ ನಾಲಿಗೆ ಇದೆಯಾದರೂ ನಗೆಯ ಏಟು ಬೀಳುವುದು ಹೆಚ್ಚಾಗಿ ಅವಳ ಮೈಮೇಲೆಯೇ. ಆದರೆ ಈ ಕಲೆಯಲ್ಲಿ ಹೆಂಗಸರು ಪರದೆಯ ಹಿಂದೆ ಇದ್ದರು ಎಂಬುದನ್ನು ಮರೆಯಬಾರದು. ಬಯಲಾಟದ ರಂಗದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ತೊಗಲುಗೊಂಬೆಯ ಮನೆತನಗಳ ಹೆಂಗಸರು ಹಾಡಿದರು, ಮಾತು ಹೇಳಿದರು, ಗೊಂಬೆ ಹಿಡಿದರು. ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಸಂದದ್ದು ಅಂಥ ಹೆಂಗಸರ ಇಡೀ ಸಾಲಿಗೆ ತಡವಾಗಿ ಸಿಕ್ಕ ಮನ್ನಣೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ, 2023ರಲ್ಲಿ ತೀರಿಕೊಳ್ಳುವವರೆಗೂ, ಪುರಾಣದ ಜೊತೆಗೆ ಗಾಂಧೀಜಿಯ ಬದುಕನ್ನೂ ತೊಗಲಿನಲ್ಲಿ ಕತ್ತರಿಸಿ ತೋರಿಸಿ, ಈ ಕಲೆ ಹೊಸ ಕಥೆಗೂ ಒಗ್ಗುತ್ತದೆ ಎಂಬುದನ್ನು ಸಾಧಿಸಿದ್ದರು.

ಟೆಲಿವಿಷನ್ ಈ ಸೀಮೆಗೆ ಬಂದ ರೀತಿಯೂ ವಿಶಿಷ್ಟ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗಕ್ಕೆ, ಎಂದರೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ತಲುಪಿಸಿದ ಸೈಟ್ ಯೋಜನೆಗೆ, ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಇನ್ನೂ ಆರಂಭವಾಗಿರದ ಕಾಲದಲ್ಲಿ ಗುಲಬರ್ಗಾ ಜಿಲ್ಲೆಯ ಹಳ್ಳಿಯ ಶಾಲಾ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿ ಟೆಲಿವಿಷನ್ ನೋಡಿದರು. 1977ರಲ್ಲಿ ಗುಲಬರ್ಗಾದಲ್ಲೇ ಪ್ರಸಾರ ಕೇಂದ್ರ ಬಂತು. ಕನ್ನಡ ಟೆಲಿವಿಷನ್ನಿನ ಮೊದಲ ಪ್ರೇಕ್ಷಕರು ಈ ಸೀಮೆಯ ರೈತರು ಮತ್ತು ಮಕ್ಕಳು ಎಂಬ ಸಂಗತಿಗೆ ಕನ್ನಡದ ಮಾಧ್ಯಮ ಚರಿತ್ರೆ ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ಆದರೆ ನೋಡುವುದರಲ್ಲಿ ಮೊದಲಿಗರಾದವರು ಮಾಡುವುದರಲ್ಲಿ ಮೊದಲಿಗರಾಗಲಿಲ್ಲ. ಸೈಟ್‌ನ ಕನ್ನಡ ಕಾರ್ಯಕ್ರಮಗಳ ತಯಾರಿಕಾ ಕೇಂದ್ರ ಹೈದರಾಬಾದಿನಲ್ಲಿತ್ತು. ಮುಂದೆ ಕನ್ನಡದ ಧಾರಾವಾಹಿ, ಸಿನಿಮಾ, ಕಾರ್ಟೂನುಗಳ ಕೇಂದ್ರ ಬೆಂಗಳೂರಾಯಿತು. ಪರದೆ ಕಲಬುರಗಿಗೆ ಬಂತು, ಕೋಲು ಬರಲಿಲ್ಲ.

ಕಾರ್ಟೂನಿನ ಮಟ್ಟಿಗೆ ಕನ್ನಡದ ಮಕ್ಕಳಿಗೆ ಇನ್ನೊಂದು ಅಡ್ಡಿಯೂ ಇತ್ತು. 1960ರ ದಶಕದಲ್ಲಿ ಕನ್ನಡ ಚಿತ್ರೋದ್ಯಮವನ್ನು ಉಳಿಸಲೆಂದು ಹುಟ್ಟಿದ ಡಬ್ಬಿಂಗ್ ವಿರೋಧ, ತನ್ನ ಕಾಲಕ್ಕೆ ಸಕಾರಣವಾಗಿದ್ದರೂ, ಉದ್ಯಮ ಬೆಳೆದ ಮೇಲೂ ಮುಂದುವರಿದು, ಮಕ್ಕಳ ಚಿತ್ರಗಳು ಕನ್ನಡದಲ್ಲಿ ಮಾತನಾಡದಂತೆ ತಡೆಯಿತು. 2009ರಲ್ಲಿ ಚಿಂಟು ಟಿವಿ ಬಂದು ಕನ್ನಡದ ದನಿ ಕೊಡುವವರೆಗೆ ಕಲಬುರಗಿಯ ಮಕ್ಕಳು ಕಾರ್ಟೂನನ್ನು ಹಿಂದಿಯಲ್ಲಿ ನೋಡಿದರು, ಮನೆಯ ಸುತ್ತಮುತ್ತ ದಖನಿ ಉರ್ದು ಕೇಳಿ ಬೆಳೆದದ್ದರಿಂದ ಅದು ಅವರಿಗೆ ಕಷ್ಟವೂ ಆಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತ ಬಳಿಕ ದಾರಿ ತೆರೆಯಿತು. ತೆರೆದ ದಾರಿಯಲ್ಲಿ ಬಂದ ಕನ್ನಡ ಮಾತ್ರ ಬಹುಪಾಲು ಬೆಂಗಳೂರು, ಮೈಸೂರು ಕಡೆಯದು.

ಕನ್ನಡ ತೆರೆಯ ಹಾಸ್ಯದಲ್ಲಿ ಉತ್ತರದ ಮಾತಿಗೆ ಜಾಗ ಸಿಕ್ಕಿಲ್ಲವೆಂದಲ್ಲ, ಸಿಕ್ಕ ಜಾಗ ಎಂಥದು ಎಂಬುದೇ ತಕರಾರು. ಅಡುಗೆಯವ, ಕಾವಲುಗಾರ, ಕಟ್ಟಡ ಕೆಲಸಕ್ಕೆ ಬಂದ ಕೂಲಿ, ನಗರಕ್ಕೆ ಬಂದು ಕಣ್ಣು ಬಿಡುವ ಹಳ್ಳಿಗ ಇಂಥ ಪಾತ್ರಗಳಿಗೆ ಆ ಮಾತು ಮೀಸಲಾಯಿತು. ನಾಯಕ ನಾಯಕಿಯರು ಪ್ರೀತಿಸಿದ್ದು, ವೈದ್ಯರು ಧೈರ್ಯ ಹೇಳಿದ್ದು, ನ್ಯಾಯಾಧೀಶರು ತೀರ್ಪು ಓದಿದ್ದು ದಕ್ಷಿಣದ ಮಾತಿನಲ್ಲಿ. ಅದರ ಮೇಲೆ, ಧಾರವಾಡ, ಬೆಳಗಾವಿ, ಕಲಬುರಗಿ, ಬೀದರಗಳ ಮಾತನ್ನೆಲ್ಲ ಕಲಸಿ ‘ಉತ್ತರ ಕರ್ನಾಟಕ ಭಾಷೆ’ ಎಂಬ ಒಂದೇ ಮುದ್ದೆ ಮಾಡಲಾಯಿತು. ಧಾರವಾಡದವರು ‘ಮಾಡಾಕತ್ತೇನಿ’ ಎನ್ನುವಲ್ಲಿ ಕಲಬುರಗಿಯವರು ‘ಮಾಡ್ಲಾಕತ್ತೀನಿ’ ಎನ್ನುತ್ತಾರೆ, ಬೀದರದ ಕಡೆಗೆ ಹೋದಂತೆ ಅದು ‘ಮಾಡ್ಲತೀನಿ’ ಆಗುತ್ತದೆ. ಉರ್ದು, ಮರಾಠಿ, ತೆಲುಗು, ಲಂಬಾಣಿಗಳ ನಡುವೆ ಶತಮಾನಗಳಿಂದ ಬದುಕಿದ, 1948ರವರೆಗೆ ನಿಜಾಮರ ಆಡಳಿತದಲ್ಲಿ ಉರ್ದುವಿನಲ್ಲಿ ಅರ್ಜಿ ಬರೆದ ನೆಲದ ಕನ್ನಡ ಅದು. ತೆರೆಯ ಮೇಲಿನ ನಕಲಿಗೆ ಈ ವ್ಯತ್ಯಾಸ ಕೇಳಿಸುವುದೇ ಇಲ್ಲ. ಎರಡು ಸಲ ‘ಯಾಕ್ರೀ’, ಒಂದು ಸಲ ‘ಹೌದಲ್ರೀ’ ಅಂದರೆ ಅದರ ಕೆಲಸ ಮುಗಿಯಿತು.

ಈ ಮಾತು ನಗಿಸುವುದಕ್ಕಷ್ಟೇ ಲಾಯಕ್ಕು ಎಂಬ ನಂಬಿಕೆಯನ್ನು ಸಾಹಿತ್ಯ ಎಂದೋ ಸುಳ್ಳಾಗಿಸಿದೆ. ಕಲಬುರಗಿಯ ಗೀತಾ ನಾಗಭೂಷಣ ಅವರು ಈ ಸೀಮೆಯ ಕೆಳವರ್ಗದ ಹೆಂಗಸರ ಹಸಿವು, ಸಿಟ್ಟು, ಪ್ರೀತಿಗಳನ್ನು ಇದೇ ಆಡುಮಾತಿನ ಬಲದಿಂದ ಬರೆದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಹಾಸ್ಯದಲ್ಲಿಯೂ ಒಳಗಿನವರು ನಗಿಸಿದಾಗ ನಗೆಯ ಗುಣವೇ ಬೇರೆಯಾಗುತ್ತದೆ. ಕಲಬುರಗಿಯಲ್ಲಿ ನೆಲೆಸಿದ್ದ ದಖನಿ ಕವಿ ಸುಲೇಮಾನ್ ಖತೀಬ್ ಅವರು ಅತ್ತೆಸೊಸೆಯರ ಜಗಳವನ್ನೂ ವರದಕ್ಷಿಣೆಯ ವ್ಯವಹಾರವನ್ನೂ ಹಿಂದಿ ಸಿನಿಮಾ ಕುಚೋದ್ಯಕ್ಕಷ್ಟೇ ಬಳಸಿದ ದಖನಿ ಮಾತಿನಲ್ಲಿಯೇ ಬರೆದು, ಕೇಳುವವರು ನಗುತ್ತಲೇ ಕಣ್ಣೊರೆಸಿಕೊಳ್ಳುವಂತೆ ಮಾಡಿದರು. ಗಂಗಾವತಿಯ ಪ್ರಾಣೇಶ್ ತಮ್ಮ ಊರಿನ ಬಿಸಿಲು, ಬಸ್ಸು, ಮದುವೆಮನೆಗಳ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿ ಬೆಂಗಳೂರಿನ ಸಭಾಂಗಣ ತುಂಬಿಸುವಾಗ ನಗೆಯ ಯಜಮಾನಿಕೆ ಹೇಳುವವರ ಬಳಿ ಇರುತ್ತದೆ. ಇವರೆಲ್ಲ ಕಿಳ್ಳೇಕ್ಯಾತನ ಕುಲದವರು.

ಇತ್ತೀಚೆಗೆ ಮೊಬೈಲಿನ ತೆರೆಯಲ್ಲಿ ಹೊಸ ಬೆಳವಣಿಗೆಯೊಂದು ಕಾಣುತ್ತಿದೆ. ಉತ್ತರ ಕರ್ನಾಟಕದ ತರುಣರು ಜನಪ್ರಿಯ ಕಾರ್ಟೂನು, ಸಿನಿಮಾ ತುಣುಕುಗಳಿಗೆ ತಮ್ಮ ಊರಿನ ಮಾತನ್ನು ಹೊಂದಿಸಿ ಹರಿಯಬಿಡುತ್ತಿದ್ದಾರೆ. ಬೆಕ್ಕು ಇಲಿಗಳು ಜೋಳದ ರೊಟ್ಟಿ, ಪುಂಡಿಪಲ್ಯದ ಬಗ್ಗೆ ಜಗಳವಾಡುತ್ತವೆ. ಇವುಗಳಲ್ಲಿ ಬೈಗುಳ ಹೆಚ್ಚು, ಹೆಂಗಸರನ್ನು ಹೀಗಳೆಯುವ ಮಾತೂ ಸಾಕಷ್ಟು ಇದೆ, ಚಿತ್ರವಂತೂ ಇನ್ನೊಬ್ಬರದು. ಆದರೂ ಟೆಲಿವಿಷನ್ ಬಂದು ಅರ್ಧ ಶತಮಾನದ ಬಳಿಕ ಚಲಿಸುವ ಚಿತ್ರವೊಂದು ಈ ಸೀಮೆಯವರ ಅಪ್ಪಣೆಯಂತೆ ಮಾತನಾಡತೊಡಗಿರುವುದು ಸಣ್ಣ ಸಂಗತಿಯಲ್ಲ. ದನಿ ಸಿಕ್ಕಿದೆ, ಲೇಖನಿ ಇನ್ನೂ ಸಿಗಬೇಕಾಗಿದೆ.

ಅದಕ್ಕೆ ಬೇಕಾದ ಸಲಕರಣೆಗಳು ದೂರದಲ್ಲಿಲ್ಲ. ಸಿನಿಮಾ ಪೋಸ್ಟರುಗಳಿಂದ ಹೆಸರಾದ ಎಸ್.ಎಂ. ಪಂಡಿತರಂಥ ಚಿತ್ರಕಾರರು ಹುಟ್ಟಿದ ಊರು ಕಲಬುರಗಿ. ಇಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 1966ರಿಂದ ನಡೆದು ಬಂದ ಆಕಾಶವಾಣಿ ಕೇಂದ್ರವಿದೆ. ಸಂವಿಧಾನದ 371(ಜೆ) ವಿಧಿಯ ಮೂಲಕ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಸಿಕ್ಕಿದ್ದು, ಅದರಡಿ ಬರುವ ಅಭಿವೃದ್ಧಿಯ ಹಣ ರಸ್ತೆ, ಕಟ್ಟಡಗಳಿಗೆ ಸಲ್ಲುವಂತೆಯೇ ಒಂದು ಸಣ್ಣ ಪಾಲು ಮಕ್ಕಳ ಅನಿಮೇಷನ್ ತಯಾರಿಕೆಗೂ ಸಲ್ಲಬಾರದೆಂಬ ನಿಯಮವೇನೂ ಇಲ್ಲ. ತೊಗಲುಗೊಂಬೆಯ ಮನೆತನಗಳ ಹಿರಿಯರು ಬದುಕಿರುವಾಗಲೇ ಅವರ ನಗೆಯ ಪ್ರಸಂಗಗಳನ್ನು ಮಾತು ಸಹಿತ ದಾಖಲಿಸಿ, ಆ ಮನೆತನಗಳ ಮಕ್ಕಳಿಗೇ ಅನಿಮೇಷನ್ ಕಲಿಸಿ, ಕಿಳ್ಳೇಕ್ಯಾತ ಬಂಗಾರಕ್ಕರ ಕಿರುಚಿತ್ರಗಳನ್ನು ಕಲಬುರಗಿಯ ಕನ್ನಡದಲ್ಲಿ, ದಖನಿಯಲ್ಲಿ, ಲಂಬಾಣಿಯಲ್ಲಿ ತಯಾರಿಸುವ ಕೆಲಸವನ್ನು ಈ ವಿಶ್ವವಿದ್ಯಾಲಯಗಳೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕೂಡಿ ಕೈಗೆತ್ತಿಕೊಳ್ಳಬೇಕು. ಬಂಗಾರಕ್ಕನ ಮಾತನ್ನು ಬರೆಯುವ ಕೆಲಸವನ್ನು ಈ ಸಲ ಹೆಂಗಸರಿಗೇ ಒಪ್ಪಿಸಬೇಕು.